ತಾಯಂದಿರ ಅಡಿಗೆಯ ಪುಸ್ತಕವೂ ಹೊಲದ ಬೆಳೆಯೂ
(ಹಳೆಯ ಕಾಲದ ಸಿಹಿ ಭಕ್ಷ್ಯಗಳನ್ನು ಸರಿಯಾಗಿ ಮಾಡುವ ಕ್ರಮ)

ಒಕ್ಕಲುತನವು ನೇಗಿಲಿನಿಂದ ಮೊದಲಾಗಿ ಕಣದಲ್ಲಿ ಮುಗಿಯುವುದೆಂದು ಅನೇಕರು ಭಾವಿಸುವುದುಂಟು. ವಾಸ್ತವವಾಗಿ ಅದು ಮುಗಿಯುವುದು ಅಡಿಗೆಯ ಮನೆಯಲ್ಲಿ. ಯಾವ ಧಾನ್ಯವು ಮನೆಯ ಒಲೆಯ ಮೇಲೆ ಬೇಯುವುದಿಲ್ಲವೋ ಅದು ಕೆಲವು ವರ್ಷಗಳಲ್ಲಿಯೇ ಹೊಲವನ್ನೂ ಬಿಟ್ಟುಹೋಗುವುದು. ಆದಕಾರಣ ಹಿರಿಯರ ಪೆಟ್ಟಿಗೆಗಳಲ್ಲಿ ಪಟ್ಟೆಯ ಸೀರೆಯ ಕೆಳಗೆ ಮಡಿಸಿಟ್ಟಿರುವ ಹಳೆಯ ಅಡಿಗೆಯ ಪುಸ್ತಕಗಳ ವಿಷಯವು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಸಂಬಂಧಪಡದ ವಿಷಯವಲ್ಲ.

ಕನ್ನಡದಲ್ಲಿ ಅಡಿಗೆಯನ್ನು ಬರೆದಿಡುವ ವಾಡಿಕೆಯು ಬಹು ಪ್ರಾಚೀನವಾದುದು. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ಕೃಷಿ, ಜಲಶೋಧನೆ, ವೃಕ್ಷಾಯುರ್ವೇದ ಮೊದಲಾದ ವಿಷಯಗಳ ಜೊತೆಯಲ್ಲಿಯೇ ಸೂಪಶಾಸ್ತ್ರವನ್ನೂ ಸೇರಿಸಿದ್ದಾನೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ವಾರ್ಧಕ ಷಟ್ಪದಿಯಲ್ಲಿ ರಚಿಸಿ, ಅದರ ಮೊದಲಿನಲ್ಲಿಯೇ ಹಿಟ್ಟಿನ ಭಕ್ಷ್ಯಗಳಿಗೆ ಸ್ಥಳವನ್ನು ಕೊಟ್ಟಿದ್ದಾನೆ. ಬೇಸಾಯವೂ ಪಾಕವೂ ಒಂದೇ ಗ್ರಂಥದಲ್ಲಿರುವುದು ಯೋಗ್ಯವೆಂದು ಹಿಂದಿನವರು ತಿಳಿದಿದ್ದರೆಂಬುದು ಚಾವುಂಡರಾಯನ ಗ್ರಂಥದಿಂದ ಸ್ಪಷ್ಟವಾಗುವುದು.

೧. ಪುಸ್ತಕವು ಸುಳ್ಳಾಗುವ ಬಗೆ

ಇಂಥ ಪುಸ್ತಕವಿರುವ ಒಂದು ಮನೆಯನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಮನೆಯ ಯಜಮಾನರ ತಾಯಿಯವರು ಕಾಲವಾಗಿದ್ದಾರೆ. ಆ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಮರುವರ್ಷದ ದೀಪಾವಳಿಗೆ, ತಾಯಿಯವರು ಮಾಡುತ್ತಿದ್ದ ಕಜ್ಜಾಯವನ್ನೇ ಮಾಡಬೇಕೆಂದು ಸೊಸೆಯರು ಅವರ ಪುಸ್ತಕವನ್ನು ತೆಗೆಯುತ್ತಾರೆ. ಅದು ತಾಯಿಯವರಿಗೆ ಅವರ ಅತ್ತೆಯವರಿಂದ ಬಂದದ್ದು. ಅದರಲ್ಲಿ 'ಅಕ್ಕಿ ಒಂದು ಸೇರು, ಬೆಲ್ಲ ಮೂರು ಸೇರು' ಎಂದು ಬರೆದಿದೆ. ಸೇರೆಂದರೆ ಕಿಲೋಗ್ರಾಂ ಎಂದು ತಿಳಿದು ಒಂದು ಕಿಲೋ ಅಕ್ಕಿಯ ಹಿಟ್ಟಿಗೆ ಮೂರು ಕಿಲೋ ಬೆಲ್ಲದ ಪಾಕವನ್ನು ಕೂಡಿಸುತ್ತಾರೆ. ಕಜ್ಜಾಯವು ತುಪ್ಪದಲ್ಲಿ ಕರಗಿ ಬಾಣಲೆಯ ತಳಕ್ಕೆ ಹತ್ತಿ ಕರಿದಾಗುವುದು. 'ಅಜ್ಜಿಯ ಪುಸ್ತಕವು ನಂಬತಕ್ಕದ್ದಲ್ಲ. ಅಮ್ಮನ ಕೈಗುಣ ಅಮ್ಮನ ಜೊತೆಯಲ್ಲಿಯೇ ಹೋಯಿತು' ಎಂದು ಪುಸ್ತಕವನ್ನು ಮತ್ತೆ ಪೆಟ್ಟಿಗೆಗೆ ಸೇರಿಸುತ್ತಾರೆ.

ಇಲ್ಲಿ ಪುಸ್ತಕದ ತಪ್ಪು ಲೇಶವೂ ಇಲ್ಲ. ಹಿಂದೆ ಧಾನ್ಯವನ್ನು ಅಳೆಯುವ ಸೇರು ಬೇರೆ, ಬೆಲ್ಲವನ್ನು ತೂಗುವ ಸೇರು ಬೇರೆ. ಹಳೆಯ ಮೈಸೂರು ಸೀಮೆಯಲ್ಲಿ ಬೆಲ್ಲವನ್ನು ತೂಗುತ್ತಿದ್ದ ಕಚ್ಚಾ ಸೇರಿಗೆ ೨೪ ತೊಲ. ಮೂರು ಕಚ್ಚಾ ಸೇರೆಂದರೆ ಸುಮಾರು ೮೪೦ ಗ್ರಾಂ ಮಾತ್ರ. ಅಕ್ಕಿಯ ಅಳತೆಯ ಸೇರಾದರೋ ಹೆಚ್ಚುಕಡಮೆ ಒಂದು ಕಿಲೋ ಹಿಡಿಯುವಂಥದು. ಆದ್ದರಿಂದ ಪುಸ್ತಕದ ಲೆಕ್ಕವು ಸರಿಯಾಗಿಯೇ ಇದೆ; ಓದಿದವರ ಲೆಕ್ಕವು ಮೂರೂವರೆ ಪಟ್ಟಿಗಿಂತಲೂ ಹೆಚ್ಚು ತಪ್ಪಾಗಿದೆ.

೨. ಹಳೆಯ ತೂಕ, ಅಳತೆ, ಕಾಲ

ಮೆಟ್ರಿಕ್ ತೂಕಗಳು ೧೯೫೬ರ ಶಾಸನದ ಮೇರೆಗೆ ೧೯೫೮ರಿಂದ ಹಂತಹಂತವಾಗಿ ಜಾರಿಗೆ ಬಂದು, ೧೯೬೨ರಲ್ಲಿ ಕಡ್ಡಾಯವಾದುವು. ಅದಕ್ಕೆ ಹಿಂದೆ ಬರೆದ ಪುಸ್ತಕಗಳನ್ನು ಓದುವಾಗ ಈ ಕೆಳಗಿನ ಲೆಕ್ಕವನ್ನು ಬಳಿಯಲ್ಲಿಟ್ಟುಕೊಳ್ಳತಕ್ಕದ್ದು.

ತೊಲ ಅಥವಾ ಬೆಳ್ಳಿಯ ರೂಪಾಯಿ ತೂಕ — ೧೧.೬೬ ಗ್ರಾಂ.
ಕಚ್ಚಾ ಸೇರು (೨೪ ತೊಲ) — ಸುಮಾರು ೨೮೦ ಗ್ರಾಂ.
ಪಕ್ಕಾ ಸೇರು (೮೦ ತೊಲ) — ಸುಮಾರು ೯೩೩ ಗ್ರಾಂ.
ವೀಸೆ (೧೨೦ ತೊಲ) — ಸುಮಾರು ೧ ಕಿಲೋ ೪೦೦ ಗ್ರಾಂ.
ಕಚ್ಚಾ ಮಣ (೪೦ ಕಚ್ಚಾ ಸೇರು) — ಸುಮಾರು ೧೧ ಕಿಲೋ ೨೦೦ ಗ್ರಾಂ.
ಗಳಿಗೆ — ೨೪ ನಿಮಿಷ.
ಜಾವ — ೩ ಗಂಟೆ.

ಅಳತೆಯ ಸೇರಿನಲ್ಲಿ ಅರ್ಧಕ್ಕೆ ಅಚ್ಚೇರು, ಕಾಲಿಗೆ ಪಾವು, ಹದಿನಾರನೆಯ ಒಂದು ಪಾಲಿಗೆ ಚಟಾಕು ಎಂದು ಹೆಸರು. ಈ ಅಳತೆಯು ಸೀಮೆಯಿಂದ ಸೀಮೆಗೆ ವ್ಯತ್ಯಾಸವಾಗುತ್ತಿದ್ದುದರಿಂದ ಊಹೆಯನ್ನು ನಂಬಬಾರದು. ಮನೆಯಲ್ಲಿ ಹಿತ್ತಾಳೆಯ ಅಥವಾ ಕಬ್ಬಿಣದ ಹಳೆಯ ಸೇರು ಪಾವುಗಳು ಉಳಿದಿದ್ದರೆ, ಅವುಗಳನ್ನು ಅಕ್ಕಿಯಿಂದ ತುಂಬಿ ತಕ್ಕಡಿಯಲ್ಲಿ ತೂಗಿ, ಬಂದ ತೂಕವನ್ನು ಪುಸ್ತಕದ ಮೊದಲನೆಯ ಹಾಳೆಯಲ್ಲಿಯೇ ಬರೆದಿಡುವುದು ಉತ್ತಮ. ತಲೆಗಟ್ಟಿ ಅಳೆಯುವುದಕ್ಕೂ ತಲೆಸವರಿ ಅಳೆಯುವುದಕ್ಕೂ ವ್ಯತ್ಯಾಸವುಂಟು. ಎರಡನ್ನೂ ತೂಗಿ ನೋಡತಕ್ಕದ್ದು. ಹಳೆಯ ಅಳತೆಗಳನ್ನು ಗುಜರಿಗೆ ಹಾಕುವವರು ಪುಸ್ತಕದ ಬೀಗದ ಕೈಯನ್ನೇ ಮಾರಿದಂತಾಗುವುದು.

೩. ಕಜ್ಜಾಯದ ಕ್ರಮ

ಅಕ್ಕಿ ೧ ಕಿಲೋ, ಬೆಲ್ಲ ೭೫೦ರಿಂದ ೮೫೦ ಗ್ರಾಂ, ಎಳ್ಳು ಅಥವಾ ಗಸಗಸೆ, ಏಲಕ್ಕಿ, ಕರಿಯಲು ತುಪ್ಪ ಅಥವಾ ಎಣ್ಣೆ—ಇಷ್ಟೇ ಇದರ ಸಾಮಗ್ರಿ. ಆದರೆ ಹದವು ಸೂಕ್ಷ್ಮವಾದುದು.

(ಅ) ಅಕ್ಕಿಯನ್ನು ತೊಳೆದು ನೆನೆಯಿಡತಕ್ಕದ್ದು. ಕೆಲವು ಮನೆಗಳಲ್ಲಿ ಪ್ರತಿದಿನವೂ ನೀರನ್ನು ಬದಲಾಯಿಸುತ್ತ ಮೂರು ದಿನ ನೆನೆಸುವ ವಾಡಿಕೆಯುಂಟು. ಬಳಿಕ ನೀರನ್ನು ಬಸಿದು ನೆರಳಿನಲ್ಲಿ ಬಟ್ಟೆಯ ಮೇಲೆ ಹರಡತಕ್ಕದ್ದು. ಮುಷ್ಟಿಯಲ್ಲಿ ಹಿಡಿದರೆ ಅಂಗೈಗೆ ತೇವವು ತಗಲಬೇಕು, ನೀರು ಅಂಟಬಾರದು. ಇದೇ ಕುಟ್ಟುವ ಹದ.

(ಆ) ಈ ತೇವದ ಅಕ್ಕಿಯನ್ನು ಒರಳಿನಲ್ಲಿ ಕುಟ್ಟಿ ಜರಡಿಯಾಡಿ, ಹಿಟ್ಟು ಒಣಗದಂತೆ ಮುಚ್ಚಿಡತಕ್ಕದ್ದು. ಒಣ ಅಕ್ಕಿಯನ್ನು ಗಿರಣಿಯಲ್ಲಿ ಬೀಸಿದ ಹಿಟ್ಟು ಇದಕ್ಕೆ ಒದಗದು. ಒಣ ಹಿಟ್ಟು ಪಾಕದ ನೀರನ್ನೆಲ್ಲ ಹೀರಿಕೊಳ್ಳುವುದರಿಂದ ಕಜ್ಜಾಯವು ಬಿರಿದು ಗಟ್ಟಿಯಾಗುವುದು. ತೇವದ ಹಿಟ್ಟಾದರೋ ಬಿಸಿ ಪಾಕದಲ್ಲಿ ಅರೆಬೆಂದು ಒಂದಕ್ಕೊಂದು ಹಿಡಿದುಕೊಳ್ಳುವುದು.

(ಇ) ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಮಣ್ಣು ಕಸಗಳನ್ನು ತೆಗೆದು ಮತ್ತೆ ಒಲೆಯ ಮೇಲಿಡತಕ್ಕದ್ದು. ಹಳೆಯ ಪುಸ್ತಕಗಳಲ್ಲಿ ಒಂದೆಳೆ ಪಾಕ, ಉಂಡೆ ಪಾಕ ಎಂಬ ಮಾತುಗಳು ಬರುವುವು. ಬೆರಳುಗಳ ನಡುವೆ ಒಂದು ಎಳೆಯು ಏಳುವ ಹೊತ್ತಿಗೆ ಪಾಕದ ಉಷ್ಣತೆಯು ಸುಮಾರು ೧೦೫ ಸೆಂಟಿಗ್ರೇಡ್ ಅಂಶದಷ್ಟಿರುವುದು. ತಣ್ಣೀರಿನ ಬಟ್ಟಲಿಗೆ ಬಿಟ್ಟ ತೊಟ್ಟು ಕರಗದೆ ಬೆರಳಿಗೆ ಮೆತ್ತನೆಯ ಉಂಡೆಯಾಗಿ ಬಂದರೆ ಅದು ೧೧೨ರಿಂದ ೧೧೬ ಅಂಶ. ಕಜ್ಜಾಯಕ್ಕೆ ಈ ಮೆತ್ತನೆಯ ಉಂಡೆಯ ಪಾಕವೇ ಬೇಕಾದುದು. ಬಟ್ಟಲಿಗೆ ಹಾಕಿದಾಗ ಠಣ್ಣೆಂದು ಸದ್ದು ಮಾಡುವಷ್ಟು ಕಾದರೆ ಪಾಕವು ಮೀರಿತೆಂದು ತಿಳಿಯತಕ್ಕದ್ದು.

(ಈ) ಪಾಕವನ್ನು ಇಳಿಸಿ, ಎಳ್ಳು ಏಲಕ್ಕಿಗಳನ್ನು ಹಾಕಿ, ಹಿಟ್ಟನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಗಂಟಾಗದಂತೆ ತಿರುವತಕ್ಕದ್ದು. ಹಿಟ್ಟೆಲ್ಲವನ್ನೂ ಹಾಕಿಯೇ ತೀರಬೇಕೆಂಬ ನಿಯಮವಿಲ್ಲ. ಹದ ಬಂದೊಡನೆ ನಿಲ್ಲಿಸತಕ್ಕದ್ದು. ಮೇಲೆ ತುಪ್ಪವನ್ನು ಸವರಿ, ಮುಚ್ಚಿ, ಒಂದು ದಿನವಾದರೂ ಇಡತಕ್ಕದ್ದು.

(ಉ) ಬಾಳೆಯ ಎಲೆಯ ಮೇಲೆ ತಟ್ಟಿ, ಸಣ್ಣ ಉರಿಯಲ್ಲಿ ಕರಿದು, ಎರಡು ಸೌಟುಗಳ ನಡುವೆ ಒತ್ತಿ ತುಪ್ಪವನ್ನು ಇಳಿಸತಕ್ಕದ್ದು.

ಮೊದಲು ಒಂದೇ ಕಜ್ಜಾಯವನ್ನು ಬಿಟ್ಟು ಪರೀಕ್ಷಿಸುವುದು ವಿವೇಕ. ಅದು ತುಪ್ಪದಲ್ಲಿ ಒಡೆದು ಚದರಿದರೆ ಪಾಕವು ಎಳೆಯದಾಗಿದೆ ಅಥವಾ ಬೆಲ್ಲವು ಹೆಚ್ಚಾಗಿದೆ. ಉಳಿದ ತೇವದ ಹಿಟ್ಟನ್ನು ಸೇರಿಸಿ ನಾದಬೇಕು. ಕಲ್ಲಿನಂತೆ ಗಟ್ಟಿಯಾದರೆ ಪಾಕವು ಬಲಿತಿದೆ; ಸ್ವಲ್ಪ ಬಿಸಿ ಹಾಲನ್ನೋ ಮಾಗಿದ ಬಾಳೆಯ ಹಣ್ಣನ್ನೋ ಕೂಡಿಸಿ ನಾದಬೇಕು. ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿದ್ದರೆ ಉರಿಯು ಹೆಚ್ಚು. ಈ ಮೂರನ್ನು ಬಲ್ಲವರಿಗೆ ಕೈಗುಣವು ತಾನಾಗಿಯೇ ಬರುವುದು.

೪. ಬೆಲ್ಲದ ವಿಚಾರ

ಲೆಕ್ಕವೂ ಕ್ರಮವೂ ಸರಿಯಾಗಿದ್ದರೂ ಕೆಲವೊಮ್ಮೆ ಪಾಕವು ಹದಕ್ಕೆ ಬಾರದು. ಆಗ ದೋಷವನ್ನು ಆಲೆಮನೆಯಲ್ಲಿಯೂ ಗದ್ದೆಯಲ್ಲಿಯೂ ಹುಡುಕಬೇಕು. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬಾತನು ರಸ್ತಾಳಿ, ಪಟ್ಟಾಪಟ್ಟಿ, ಮರಕಬ್ಬು ಮುಂತಾದ ಜಾತಿಗಳನ್ನು ಹೆಸರಿಸಿದ್ದಾನೆ. ೧೯೧೨ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಕೇಂದ್ರವು ಸ್ಥಾಪಿತವಾದ ಮೇಲೆ 'ಕೋ' ಎಂಬ ಹೆಸರಿನ ತಳಿಗಳು ಕ್ರಮವಾಗಿ ಅವುಗಳ ಸ್ಥಾನವನ್ನು ಹಿಡಿದುವು. ಇಳುವರಿಯು ಹೆಚ್ಚಿದುದು ದೊಡ್ಡ ಉಪಕಾರವೇ ಸರಿ. ಆದರೆ ಉತ್ತಮ ತಳಿಯ ಕಬ್ಬಿನಿಂದಲೂ ಕೆಟ್ಟ ಬೆಲ್ಲವನ್ನು ತೆಗೆಯಬಹುದು.

ಚೌಳು ನೆಲದಲ್ಲಿಯೂ ಸವುಳು ನೀರಿನಲ್ಲಿಯೂ ಬೆಳೆದ ಕಬ್ಬಿನ ಬೆಲ್ಲವು ಉಪ್ಪುಪ್ಪಾಗಿ, ಮಳೆಗಾಲದಲ್ಲಿ ನೀರೊಡೆಯುವುದು. ಸಾರಜನಕದ ಗೊಬ್ಬರವನ್ನು ಅತಿಯಾಗಿ, ಅದರಲ್ಲಿಯೂ ತಡವಾಗಿ ಕೊಟ್ಟರೆ ಬೆಲ್ಲವು ಗಟ್ಟಿಯಾಗದು. ಬಲಿಯದ ಕಬ್ಬನ್ನು ಕಡಿದರೂ, ಕಡಿದ ಕಬ್ಬನ್ನು ದಿನಗಟ್ಟಲೆ ಬಿಸಿಲಿನಲ್ಲಿ ಬಿಟ್ಟರೂ ಅದರ ಸಕ್ಕರೆಯು ಒಡೆದು ಹರಳುಗಟ್ಟದ ಸಕ್ಕರೆಯಾಗುವುದು. ಇಂಥ ಬೆಲ್ಲದ ಪಾಕವು ಎಷ್ಟು ಕಾಯಿಸಿದರೂ ಜಿಗುಟಾಗಿಯೇ ಉಳಿಯುವುದು. ಕಡಿದ ಕಬ್ಬನ್ನು ೨೪ ಗಂಟೆಗಳೊಳಗಾಗಿ ಅರೆಯುವುದು ಮೇಲು.

ಬಣ್ಣದ ಮೋಹವು ಇನ್ನೊಂದು ಕೇಡು. ಪೇಟೆಯಲ್ಲಿ ಹೊಂಬಣ್ಣದ ಬೆಲ್ಲಕ್ಕೆ ಬೆಲೆ ಹೆಚ್ಚೆಂದು ಕೆಲವು ಆಲೆಮನೆಗಳಲ್ಲಿ ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕವನ್ನು ಹಾಕುವರು. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡು ಹತ್ತು ಲಕ್ಷ ಭಾಗಕ್ಕೆ ೭೦ ಭಾಗವನ್ನು ಮೀರಕೂಡದೆಂದು ಆಹಾರ ನಿಯಮವಿದೆ. ಹಿಂದಿನವರು ಬೆಂಡೆಯ ಕಾಂಡದ ಲೋಳೆಯಿಂದ ರಸದ ಕಲ್ಮಷವನ್ನು ತೆಗೆದು, ಸುಣ್ಣದ ತಿಳಿಯಿಂದ ಹುಳಿಯನ್ನು ಮುರಿಯುತ್ತಿದ್ದರು. ಇಂಥ ಬೆಲ್ಲವು ಕಂದು ಬಣ್ಣದ್ದಾದರೂ ಪಾಕಕ್ಕೆ ಒಳ್ಳೆಯದು. ಮನೆಯ ಖರ್ಚಿಗಾದರೂ ಒಂದೆರಡು ಅಡುಗೆ ಬೆಲ್ಲವನ್ನು ಹೀಗೆ ತೆಗೆಯಿಸಿಕೊಳ್ಳುವುದು ಜಮೀನುದಾರರಿಗೆ ಕಷ್ಟವಲ್ಲ.

ಹಾಲಿನ ಪಾಯಸ ಮಾಡುವವರು ಒಂದು ಮಾತನ್ನು ಜ್ಞಾಪಕದಲ್ಲಿಡತಕ್ಕದ್ದು. ಬೆಲ್ಲದಲ್ಲಿ ಸ್ವಲ್ಪ ಹುಳಿಯ ಅಂಶವಿರುವುದರಿಂದ ಕುದಿಯುವ ಹಾಲಿಗೆ ಅದನ್ನು ಹಾಕಿದರೆ ಹಾಲು ಒಡೆಯಬಹುದು. 'ಇಳಿಸಿ ಆರಿದ ಮೇಲೆ ಬೆಲ್ಲ' ಎಂದು ಹಳೆಯ ಪುಸ್ತಕಗಳಲ್ಲಿರುವುದಕ್ಕೆ ಕಾರಣವಿದೇ.

೫. ಧಾನ್ಯದ ವಿಚಾರ

ಹೊಸ ಅಕ್ಕಿಯು ಬೆಂದಾಗ ಅಂಟುವುದು. ಹಳೆಯ ಅಕ್ಕಿಯು ಹೆಚ್ಚು ನೀರನ್ನು ಕುಡಿದು ಬಿಡಿಬಿಡಿಯಾಗುವುದು. ಪುಸ್ತಕದಲ್ಲಿ 'ಹಳೆಯಕ್ಕಿ' ಎಂದಿದ್ದರೆ ಅದು ವ್ಯರ್ಥವಾದ ಮಾತಲ್ಲ. ಹಾಗೆಯೇ ರಾಜಮುಡಿ, ರತ್ನಚೂಡಿ, ಗಂಧಸಾಲೆ, ಜೀರಿಗೆಸಣ್ಣ ಎಂಬ ಹೆಸರುಗಳು ಬಂದರೆ, ಆ ಪಾಕಕ್ಕೆ ಆ ಭತ್ತದ ಗುಣವೇ ಬೇಕೆಂದು ಬರೆದವರ ಅಭಿಪ್ರಾಯ. ಐ.ಆರ್. ೮, ಜಯಾ ಮೊದಲಾದ ಗಿಡ್ಡ ತಳಿಗಳು ೧೯೬೦ರ ದಶಕದ ಕೊನೆಯಲ್ಲಿ ಬಂದು ದೇಶದ ಹಸಿವನ್ನು ತಗ್ಗಿಸಿದುವು. ಅವುಗಳನ್ನು ದೂರುವುದು ಕೃತಘ್ನತೆಯಾಗುವುದು. ಆದರೆ ಪ್ರತಿದಿನದ ಅನ್ನಕ್ಕೆ ಒಂದು ತಳಿ, ಹಬ್ಬದ ಪಾಕಕ್ಕೆ ಇನ್ನೊಂದು ತಳಿ ಎಂದು ಹಿಂದಿನವರು ಇಟ್ಟುಕೊಂಡಿದ್ದ ವಿವೇಚನೆಯನ್ನು ಕೈಬಿಡಲು ಕಾರಣವಿರಲಿಲ್ಲ.

ಉತ್ತರದ ಜಿಲ್ಲೆಗಳಲ್ಲಿ ಜಾತ್ರೆ ಮದುವೆಗಳಲ್ಲಿ ಮಾಡುವ ಗೋಧಿಯ ಹುಗ್ಗಿಯು ಇನ್ನೊಂದು ದೃಷ್ಟಾಂತ. ಇದಕ್ಕೆ ಜವೆಗೋಧಿ ಅಥವಾ ಸದಕವೆಂಬ ಕೆಂಪು ಗೋಧಿಯು ಶ್ರೇಷ್ಠ. ಇದರ ಕಾಳಿಗೆ ಸಿಪ್ಪೆಯು ಬಿಗಿಯಾಗಿ ಹತ್ತಿಕೊಂಡಿರುವುದರಿಂದ ಕುಟ್ಟಿ ಬಿಡಿಸಬೇಕು. ಆ ಶ್ರಮಕ್ಕೆ ಬೇಸತ್ತು ಅನೇಕರು ಇದನ್ನು ಬಿಟ್ಟರು. ಅರ್ಧ ಕಿಲೋ ಕುಟ್ಟಿದ ಗೋಧಿಯನ್ನು ರಾತ್ರಿ ನೆನೆಸಿ, ಬೆಳಗ್ಗೆ ಕಾಳು ಅರಳುವವರೆಗೆ ಬೇಯಿಸಿ, ಅಷ್ಟೇ ತೂಕದ ಬೆಲ್ಲವನ್ನು ಕಾಳು ಪೂರ್ತಿಯಾಗಿ ಮೆತ್ತಗಾದ ಮೇಲೆಯೇ ಸೇರಿಸತಕ್ಕದ್ದು; ಮೊದಲೇ ಸೇರಿಸಿದರೆ ಕಾಳು ಮತ್ತೆ ಬೇಯದು. ಬಳಿಕ ಕೊಬ್ಬರಿ, ಗಸಗಸೆ, ಏಲಕ್ಕಿ, ತುಪ್ಪ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಈ ಗೋಧಿಯಲ್ಲಿಯೇ ಡಿ.ಡಿ.ಕೆ. ೧೦೦೯, ೧೦೨೫, ೧೦೨೯ ಎಂಬ ಗಿಡ್ಡ ತಳಿಗಳನ್ನು ಸಿದ್ಧಪಡಿಸಿರುವುದರಿಂದ, ಹಳೆಯ ರುಚಿಗಾಗಿ ಇಳುವರಿಯನ್ನು ಪೂರ್ತಿಯಾಗಿ ಬಿಡಬೇಕಾದುದಿಲ್ಲ.

ನವಣೆಯ ತಂಬಿಟ್ಟು ಒಣ ಭೂಮಿಯವರ ಭಕ್ಷ್ಯ. ಅಕ್ಕಿ ಮಾಡಿದ ನವಣೆಯನ್ನು ಸಣ್ಣ ಉರಿಯಲ್ಲಿ ಕಂಪು ಬರುವಂತೆ ಹುರಿದು, ಬೀಸಿ, ಅರ್ಧ ಕಿಲೋ ಹಿಟ್ಟಿಗೆ ೩೦೦ ಗ್ರಾಂ ಬೆಲ್ಲದ ಎಳೆಪಾಕವನ್ನೂ ೧೦೦ ಗ್ರಾಂ ತುಪ್ಪವನ್ನೂ ಕೂಡಿಸಿ ಬಿಸಿಯಿರುವಾಗಲೇ ಉಂಡೆ ಕಟ್ಟತಕ್ಕದ್ದು. ಕಿರುಧಾನ್ಯಗಳ ಹಿಟ್ಟಿನಲ್ಲಿರುವ ಜಿಡ್ಡು ಬೇಗನೆ ಕಮಟಾಗುವುದರಿಂದ ಬೇಕಾದಾಗ ಬೇಕಾದಷ್ಟನ್ನೇ ಬೀಸಿಕೊಳ್ಳಬೇಕು. ಸಂಯುಕ್ತ ರಾಷ್ಟ್ರ ಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಆದರೆ ಯಾವ ಸಾರಿಕೆಗಿಂತಲೂ ಮನೆಯ ಮಕ್ಕಳು ಕೇಳಿ ತಿನ್ನುವ ಒಂದು ಉಂಡೆಯು ಆ ಬೆಳೆಯನ್ನು ಹೆಚ್ಚು ಕಾಲ ಉಳಿಸುವುದು.

೬. ಜಮೀನುದಾರರು ಮಾಡಬಹುದಾದುದು

ಮೊದಲನೆಯದಾಗಿ, ಪುಸ್ತಕವನ್ನು ಓದಿಸಿ ಅದರಲ್ಲಿ ಬರುವ ಧಾನ್ಯ, ಕಾಳು, ಎಣ್ಣೆಬೀಜಗಳ ಪಟ್ಟಿಯನ್ನು ಬರೆಯತಕ್ಕದ್ದು. ಆ ಪಟ್ಟಿಯು ಅಜ್ಜನ ಕಾಲದಲ್ಲಿ ಆ ಮನೆಯ ಹೊಲಗಳಲ್ಲಿ ಏನು ಬೆಳೆಯುತ್ತಿತ್ತೆಂಬುದಕ್ಕೆ ಒಳ್ಳೆಯ ಸಾಕ್ಷಿ. ಇಂದು ಬೆಳೆಯದವುಗಳ ಮುಂದೆ ಗುರುತು ಮಾಡಿ, ಗ್ರಾಮದಲ್ಲಿ ಯಾರ ಬಳಿಯಲ್ಲಾದರೂ ಅವುಗಳ ಬೀಜವಿದೆಯೇ ಎಂದು ವಿಚಾರಿಸಬೇಕು. ಮುಖಂಡರಾದವರು ಒಂದು ಸಂಜೆ ಅರಳಿಯ ಕಟ್ಟೆಯಲ್ಲಿ ಈ ಪ್ರಸ್ತಾಪವನ್ನು ಎತ್ತಿದರೆ ಸಾಕು.

ಎರಡನೆಯದಾಗಿ, ಸಿಕ್ಕ ಬೀಜಕ್ಕೆ ಎರಡು ಗುಂಟೆ ನೆಲವನ್ನು ಮೀಸಲಿಡತಕ್ಕದ್ದು. ಭತ್ತ, ರಾಗಿ, ನವಣೆ, ಗೋಧಿಗಳು ಬಹುಮಟ್ಟಿಗೆ ತಮ್ಮ ಪರಾಗದಿಂದಲೇ ಕಾಳುಕಟ್ಟುವುದರಿಂದ ಅದೇ ಬೆಳೆಯ ಬೇರೆ ತಳಿಯಿಂದ ೩ ಮೀಟರು ದೂರವಿದ್ದರೆ ಬೀಜವು ಶುದ್ಧವಾಗಿ ಉಳಿಯುವುದು. ಬೆರಕೆಯ ಗಿಡಗಳನ್ನು ಹೂ ಬರುವ ಹೊತ್ತಿಗೂ ಕೊಯಿಲಿಗೆ ಮೊದಲೂ ಕಿತ್ತುಹಾಕಬೇಕು. ಭತ್ತದ ಬೀಜದ ತೇವವು ನೂರಕ್ಕೆ ೧೩ನ್ನೂ, ರಾಗಿ ಗೋಧಿಗಳದು ೧೨ನ್ನೂ ಮೀರದಂತೆ ಒಣಗಿಸಬೇಕು. ಬಿತ್ತುವ ಮೊದಲು ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೊಳಕೆಯನ್ನು ಎಣಿಸಬೇಕು. ಭತ್ತದಲ್ಲಿ ೮೦ಕ್ಕೆ ಕಡಮೆಯಾದರೆ ಬೀಜವನ್ನು ಹೆಚ್ಚಾಗಿ ಹಾಕಬೇಕು. ರೈತನು ತನ್ನ ಬೀಜವನ್ನು ಉಳಿಸಿ, ಬಿತ್ತಿ, ವಿನಿಮಯ ಮಾಡಿಕೊಳ್ಳುವ ಹಕ್ಕನ್ನು ಸಸ್ಯತಳಿಗಳ ಸಂರಕ್ಷಣೆಯ ೨೦೦೧ರ ಶಾಸನವು ಒಪ್ಪಿರುವುದಲ್ಲದೆ, ರೈತರು ಕಾಪಾಡಿದ ತಳಿಗಳನ್ನು ಅವರ ಹೆಸರಿನಲ್ಲಿ ನೋಂದಾಯಿಸುವುದಕ್ಕೂ ಅವಕಾಶ ಕೊಟ್ಟಿದೆ.

ಮೂರನೆಯದು ಎಲ್ಲಕ್ಕಿಂತಲೂ ಅವಸರದ ಕೆಲಸ. ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು ಬಹಳವಿರುತ್ತದೆ. 'ಒಂದು ಹಿಡಿ', 'ಬೇಕಾದಷ್ಟು', 'ಹದ ನೋಡಿ' ಎಂಬ ಕಡೆಗಳಲ್ಲಿ ಬರೆದವರು ತಮ್ಮ ಕೈಯನ್ನೇ ಅಳತೆಯಾಗಿ ಇಟ್ಟುಕೊಂಡಿದ್ದರು. ಆ ಕೈ ಇರುವಾಗ ಅದನ್ನು ಕೇಳಲು ಯಾರಿಗೂ ಪುರಸತ್ತಿರುವುದಿಲ್ಲ. ಮನೆಯಲ್ಲಿ ವೃದ್ಧರಾದ ತಾಯಿಯೋ ಅತ್ತೆಯೋ ಸೋದರತ್ತೆಯೋ ಇದ್ದರೆ, ಮುಂದಿನ ಹಬ್ಬಕ್ಕೆ ಅವರನ್ನು ಒಲೆಯ ಬಳಿ ಮಣೆಯ ಮೇಲೆ ಕುಳ್ಳಿರಿಸಿ, ಅವರು ಹಾಕುವ ಒಂದೊಂದು ಹಿಡಿಯನ್ನೂ ಪಾತ್ರೆಗೆ ಬೀಳುವ ಮೊದಲು ತಕ್ಕಡಿಯಲ್ಲಿ ತೂಗಿ, ಮಕ್ಕಳಿಂದ ಬರೆಯಿಸತಕ್ಕದ್ದು. ಒಂದು ಹಿಡಿ ಎಂದರೆ ಒಬ್ಬರ ಕೈಯಲ್ಲಿ ೩೦ ಗ್ರಾಂ, ಇನ್ನೊಬ್ಬರ ಕೈಯಲ್ಲಿ ೪೫ ಗ್ರಾಂ ಆಗಬಹುದು; ಪಾಕವು ಕೂಡುವುದೂ ಕೆಡುವುದೂ ಈ ವ್ಯತ್ಯಾಸದಲ್ಲಿಯೇ. ಹಳೆಯ ಪುಸ್ತಕವನ್ನು ಹೊಸ ಹಾಳೆಗಳ ಮೇಲೆ ನಕಲು ಮಾಡಿ ಎರಡು ಕಡೆ ಇಡತಕ್ಕದ್ದು. ಗೆದ್ದಲಿಗೂ ಒದ್ದೆಗೂ ಯಾವ ಅಕ್ಷರದ ಮೇಲೂ ಗೌರವವಿಲ್ಲ.

ಮೇಲೆ ಹೇಳಿದ ಮನೆಯವರು ಪೆಟ್ಟಿಗೆಯಿಂದ ಪುಸ್ತಕವನ್ನು ಮತ್ತೆ ತೆಗೆದು, ಅಟ್ಟದ ಮೇಲಿನ ಹಳೆಯ ಸೇರನ್ನು ಇಳಿಸಿ, ಅಕ್ಕಿಯನ್ನು ಅಳೆದು ತೂಗಿ, ಬೆಲ್ಲವನ್ನು ತೊಲದ ಲೆಕ್ಕದಲ್ಲಿ ಹಾಕಿದರೆ, ಎಲೆಯ ಮೇಲೆ ತಟ್ಟಿದ ಕಜ್ಜಾಯವು ತುಪ್ಪದಲ್ಲಿ ಒಡೆಯದೆ ಮೇಲಕ್ಕೆ ಏಳುವುದು. ಅದನ್ನು ತಿಂದವರು ತಾಯಿಯವರನ್ನು ನೆನೆಯುವುದು ಸಹಜ. ಅಷ್ಟಕ್ಕೇ ನಿಲ್ಲದೆ, ಆ ಅಕ್ಕಿಯು ಯಾವ ಗದ್ದೆಯದು, ಆ ಬೀಜವು ಮುಂದಿನ ಮುಂಗಾರಿಗೆ ಉಳಿದಿದೆಯೇ ಎಂದೂ ಯಜಮಾನರು ಕೇಳುವಂತಾದರೆ ಪುಸ್ತಕವನ್ನು ಬರೆದವರ ಶ್ರಮವು ಸಾರ್ಥಕವಾಗುವುದು.